ಗೋಧಿ ಇಲ್ಲದ ಬ್ರೆಡ್ಡು

ಮೊದಲೇ ಹೇಳಿಬಿಡುತ್ತೇನೆ, ಓದುವವರು ಕಡೆಯವರೆಗೂ ಹೆದರಿಕೊಂಡು ಕೂರುವುದು ಬೇಡ. ನನ್ನ ಮೊಮ್ಮಗಳು ಈಗ ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಅಂದರೆ ಸಾಲದು. ಕೆನ್ನೆ ತುಂಬಿದೆ. ಜಡೆ ಹೆಣೆದರೆ ಕೈಗೆ ಕೂದಲು ಸಿಗುತ್ತದೆ. ಮುಂದಿನ ಎರಡು ಹಲ್ಲು ಬಿದ್ದು ಒಂದು ಮೊಳೆತಿದೆ, ಆ ಒಂದೇ ಹಲ್ಲಿನಲ್ಲಿ ಸೀಬೆಹಣ್ಣು ಕಚ್ಚುತ್ತಾಳೆ. ಇದನ್ನು ಬರೆಯುವಾಗ ಎದೆಯೊಳಗೆ ಹಾಲು ಉಕ್ಕಿದ ಹಾಗೆ ಆಗುತ್ತದೆ. ಆದರೆ ಆ ಒಂದೂವರೆ ವರ್ಷದ ಮಾತಿಗೆ ಬಂದರೆ ಮನಸ್ಸು ಮರಗಟ್ಟುತ್ತದೆ. ಬೇರೆ ಯಾರದೋ ಮನೆಯಲ್ಲಿ ನಡೆದದ್ದನ್ನು ಹೇಳುವವನ ಹಾಗೆ ಹೇಳುತ್ತೇನೆ. ಅದಕ್ಕಿಂತ ಬೇರೆ ಥರ ಹೇಳಲು ನನಗೆ ಬರುವುದಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ತಮಿಳಿನಲ್ಲಿ. ನಾವು ಮನೆಯೊಳಗೆ ಕನ್ನಡ ಮಾತಾಡುವವರು, ಬಾಗಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನನ್ನ ಅಪ್ಪನಿಗೂ ಗೊತ್ತಿರಲಿಲ್ಲ, ಅವರ ಅಪ್ಪನಿಗೂ ಗೊತ್ತಿರಲಿಲ್ಲ. ನನಗೆ ಕಲಿಸಿದವಳು ಸೊಸೆ. ಅವಳು ಕೊಳ್ಳೇಗಾಲದ ಕಡೆಯಿಂದ ಬಂದ ಹುಡುಗಿ. ಮೊದಮೊದಲು ನಮ್ಮ ಮಾತು ಕೇಳಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಈಗ ಅವಳೂ ನಮ್ಮ ಹಾಗೇ ಮಾತಾಡುತ್ತಾಳೆ, ಅವಳ ತವರಿನವರು ನಗುತ್ತಾರೆ.

ತಮಿಳುನಾಡಿನ ತೇನಿಯ ಕಡೆ, ಹನುಮಂತನಪಟ್ಟಿಯಲ್ಲಿ ನಮಗೆ ಒಂದು ದ್ರಾಕ್ಷಿ ತೋಟ, ಸ್ವಲ್ಪ ಗದ್ದೆ. ಮಗ ಕೊಡೈಕಾನಲ್‌ನ ಒಂದು ಹೋಟೆಲಿನಲ್ಲಿ ಬ್ರೆಡ್ಡು ಸುಡುವ ಕೆಲಸಕ್ಕಿದ್ದಾನೆ. ಹದಿನೈದು ದಿನಕ್ಕೊಮ್ಮೆ ಬೆಟ್ಟ ಇಳಿದು ಬರುತ್ತಾನೆ. ಸೊಸೆ ತೇನಿಯ ಒಂದು ಆಫೀಸಿಗೆ ಹೋಗುತ್ತಾಳೆ, ಬೆಳಗ್ಗೆ ಎಂಟರ ಬಸ್ಸು. ನನ್ನ ಹೆಂಡತಿ ಇದ್ದಾಗ ಅಡುಗೆಮನೆ ಅವಳದಾಗಿತ್ತು. ಅವಳು ಹೋದ ಮೇಲೆ ಹಗಲಿನ ಅಡುಗೆಮನೆ ನನ್ನದಾಯಿತು. ಯಾರೂ ಹೇಳಲಿಲ್ಲ. ಒಂದು ಬೆಳಗ್ಗೆ ಎದ್ದು ಒಲೆ ಹಚ್ಚಿದೆ, ಅಷ್ಟೇ. ಅಳಲಿಲ್ಲ. ಊರಿನವರು ಗಟ್ಟಿ ಮನುಷ್ಯ ಅಂದರು. ಗಟ್ಟಿಯಲ್ಲ. ಒಳಗೆ ಏನೂ ಆಡುತ್ತಿರಲಿಲ್ಲ.

ಮೊಮ್ಮಗಳಿಗೆ ಆಗ ಐದು ವರ್ಷ. ಅಪ್ಪ ಬೆಟ್ಟದಿಂದ ತರುವ ಬ್ರೆಡ್ಡು ಅಂದರೆ ಅವಳಿಗೆ ಪ್ರಾಣ. ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ, ಸಂಜೆಯವರೆಗೂ ಒಳಗೆ ಬೆಚ್ಚಗೇ ಇರುತ್ತಿತ್ತು. ಅದರ ಹೊರಗಿನ ಕಂದು ಸಿಪ್ಪೆಯನ್ನು ಮೊದಲು ಕಿತ್ತು ತಿಂದು, ಒಳಗಿನ ಬಿಳಿಯನ್ನು ಮುದ್ದೆ ಮಾಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆ ವರ್ಷ ಅವಳು ಬೆಳೆಯುವುದು ನಿಂತುಹೋಯಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬು. ದಿನಕ್ಕೆ ನಾಲ್ಕೈದು ಸಲ ಭೇದಿ. ತಟ್ಟೆ ಮುಂದಿಟ್ಟರೆ ತಳ್ಳಿಬಿಡುವಳು.

"ಎನಗೆ ಬ್ಯಾಡ ತಾತಾ."

"ಒಂದು ತುತ್ತು ತಿನ್ನು ನನ್ನ ಕಣ್ಣು."

"ಬ್ಯಾಡ. ಹೊಟ್ಟೆ ನೋಯುತ್ತೆ."

ಹುಳು ಅಂದರು, ಹುಳುವಿಗೆ ಔಷಧಿ ಕೊಟ್ಟೆವು. ದೃಷ್ಟಿ ಅಂದರು, ಮೆಣಸಿನಕಾಯಿ ಸುಟ್ಟೆವು. ಕಡೆಗೆ ತೇನಿಯ ಮಕ್ಕಳ ಡಾಕ್ಟರಮ್ಮ ರಕ್ತ ತೆಗೆಸಿ, ಮದುರೈಗೆ ಕಳಿಸಿ ಹೊಟ್ಟೆಯೊಳಗೆ ಟ್ಯೂಬು ಬಿಟ್ಟು ನೋಡಿಸಿ ಹೇಳಿದರು: ಈ ಮಗುವಿನ ಕರುಳಿಗೆ ಗೋಧಿ ಆಗುವುದಿಲ್ಲ. ಗೋಧಿ, ಮೈದಾ, ರವೆ, ಬಾರ್ಲಿ, ಒಂದು ಚೂರೂ ಕೂಡದು. ಜೀವನಪೂರ್ತಿ. ಇದಕ್ಕೆ ಮಾತ್ರೆ ಇಲ್ಲ, ಬಿಡುವುದೇ ಔಷಧಿ. ಬಿಡದಿದ್ದರೆ ಮಗು ಬೆಳೆಯುವುದಿಲ್ಲ, ರಕ್ತ ಊರುವುದಿಲ್ಲ, ಮುಂದೆ ಇನ್ನೂ ದೊಡ್ಡ ಕಾಯಿಲೆಗೆ ದಾರಿ.

ನನಗೆ ಅದು ತಲೆಗೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ಗೋಧಿ ಅಂದರೆ ಔಷಧಿ. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ಬಂದಾಗ ರಾತ್ರಿ ಅನ್ನ ಬಿಟ್ಟು ಗೋಧಿ ಚಪಾತಿ ತಿನ್ನಿ ಅಂದಿದ್ದರು. ಅವತ್ತಿನಿಂದ ಅವಳು ಗೋಧಿ ಕೊಂಡು, ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಮಿಲ್ಲಿಗೆ ಕೊಟ್ಟು ಹಿಟ್ಟು ಮಾಡಿಸಿ ಅಡುಗೆಮನೆಯ ಮೂಲೆಯ ದೊಡ್ಡ ಮಣ್ಣಿನ ಮಡಕೆಯಲ್ಲಿ ತುಂಬುತ್ತಿದ್ದಳು. ಅನ್ನ ಕೆಡುಕು, ಗೋಧಿ ಒಳ್ಳೆಯದು. ಹತ್ತು ವರ್ಷ ಇದನ್ನೇ ಕೇಳಿದ್ದೇವೆ. ಈಗ ಒಬ್ಬರಿಗೆ ಒಳ್ಳೆಯದಾದದ್ದು ಇನ್ನೊಬ್ಬರಿಗೆ ವಿಷ ಅನ್ನುತ್ತಾರೆ.

ಸೊಸೆ ಅವತ್ತೇ ಮನೆ ಜಾಲಾಡಿದಳು. ಬಿಸ್ಕತ್ತು, ಶಾವಿಗೆ, ರವೆ, ಹಾಲಿಗೆ ಹಾಕುವ ಪುಡಿ ಎಲ್ಲ ಹೊರಗೆ ಹೋಯಿತು. ಇಂಗಿನ ಡಬ್ಬಿ ತಿರುಗಿಸಿ ಓದಿದಳು. "ಮಾಮಾ, ಇದ್ರೊಳಗೂ ಮೈದಾ ಕಲಸಿದಾರೆ!" ಇಂಗೂ ಹೋಯಿತು. "ಮಡಕೇಲಿರೋ ಗೋಧಿಹಿಟ್ಟು?" ಅಂದಳು. "ನಾನು ನೋಡ್ಕೋತೀನಿ, ನೀನು ಬಸ್ಸಿಗೆ ಹೋಗು" ಅಂದೆ.

ನೋಡಿಕೊಂಡೆ. ಮಡಕೆಯ ಹಿಟ್ಟನ್ನು ಪಕ್ಕದ ಮನೆಗೆ ಕೊಟ್ಟೆ. ಆದರೆ ನಮ್ಮವರು ಹಿಟ್ಟಿನ ಮಡಕೆಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ಅಡಿಯಲ್ಲಿ ಒಂದು ಹಿಡಿ ಉಳಿಸಿ ಅದರ ಮೇಲೆ ಹೊಸದನ್ನು ಸುರಿಯುತ್ತೇವೆ. ಮಡಕೆ ಬರಿದಾದರೆ ಆ ಮನೆಯ ಒಲೆ ಆರಿತು ಅಂತ ಅರ್ಥ. ನನ್ನ ಹೆಂಡತಿ ಈ ಮನೆಗೆ ಕಾಲಿಟ್ಟ ದಿನದಿಂದ ಆ ಹಿಡಿ ಉಳಿಸುತ್ತಾ ಬಂದವಳು. ಅವಳು ಹೋದ ಮೇಲೆ ನಾನೂ ಉಳಿಸಿದೆ. ಅಡಿಯ ಆ ಹಿಡಿಯಲ್ಲಿ ಅವಳ ಕೈಯಿಂದ ಬಿದ್ದ ಹಿಟ್ಟು ಇತ್ತು. ಅದನ್ನು ಹಾಗೇ ಬಿಟ್ಟು ಮೇಲೆ ರಾಗಿಹಿಟ್ಟು ಸುರಿದೆ. ಮಗುವಿಗೆ ಕೊಡುತ್ತಿರಲಿಲ್ಲವಲ್ಲ, ಇಟ್ಟಿದ್ದೆ ಅಷ್ಟೇ. ಸೌಟಿಗೆ ಬಿಳಿ ಬಣ್ಣ ಕಾಣುವ ಹೊತ್ತಿಗೆ ನಿಲ್ಲಿಸುತ್ತಿದ್ದೆ, ಮತ್ತೆ ಹೊಸದು ಸುರಿಯುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮುಚ್ಚಿಟ್ಟದ್ದೂ ಅಲ್ಲ. ಹೇಳುವ ವಿಷಯ ಅಂತಲೇ ಅನ್ನಿಸಲಿಲ್ಲ.

ಮಗ ಆ ಸಲ ಬೆಟ್ಟದಿಂದ ಕೈಬೀಸಿಕೊಂಡು ಬಂದ. ಮಗು ಅವನ ಚೀಲದೊಳಗೆ ತಲೆ ಹಾಕಿ ಹುಡುಕಿತು.

"ಬ್ರೆಡ್ಡು ಎಲ್ಲಿ ಅಪ್ಪಾ?"

"ಇನ್ನು ಅದು ಬ್ಯಾಡ ಚೆಲ್ಲಂ."

"ನೀನು ತಂದ ಬ್ರೆಡ್ಡು ತಿಂದೇ ಎನಗೆ ಹೊಟ್ಟೆ ಕೆಟ್ಟೋಯ್ತಾ?"

ಅವನು ಎದ್ದು ಹಿತ್ತಿಲಿಗೆ ಹೋದ. ಬಹಳ ಹೊತ್ತು ಕೈ ತೊಳೆಯುವ ಸದ್ದು ಕೇಳುತ್ತಿತ್ತು. ಒಳಗೆ ಬಂದವನೇ, "ಅಪ್ಪಾ, ಗೋಧಿ ಇಲ್ಲದೆ ಬ್ರೆಡ್ಡು ಮಾಡೋದು ಹೇಗಂತ ನೋಡ್ತೀನಿ. ನೀನು ಒಳ್ಳೆ ಹಿಟ್ಟು ಮಾಡಿ ಇಟ್ಟಿರು" ಅಂದ.

ಒಳ್ಳೆ ಹಿಟ್ಟು. ಅದು ನನ್ನ ಕೆಲಸವಾಯಿತು. ಮಿಲ್ಲಿಗೆ ಹೋಗಿ ನಿಂತು ನೋಡಿದೆ. ನನ್ನ ಮುಂದೆ ಇದ್ದವನದು ಗೋಧಿ. ಅದೇ ಬಾಯಿಗೆ ನನ್ನ ರಾಗಿ ಸುರಿದರೆ ಅವನ ಗೋಧಿ ನನ್ನ ಚೀಲಕ್ಕೆ ಬರುತ್ತದೆ. ರಾಗಿಯನ್ನು ಹಾಗೇ ವಾಪಸು ಹೊತ್ತು ತಂದೆ. ಅಟ್ಟದ ಮೇಲಿದ್ದ ಬೀಸುವ ಕಲ್ಲನ್ನು ಇಳಿಸಿ, ತೆಂಗಿನ ನಾರಿನಲ್ಲಿ ಉಜ್ಜಿ, ಬಿಸಿನೀರು ಹೊಯ್ದು, ಎರಡು ದಿನ ಬಿಸಿಲಿಗೆ ಇಟ್ಟೆ. ಅದು ನನ್ನ ಅವ್ವನ ಕಲ್ಲು, ಗೋಧಿ ಕಂಡದ್ದೇ ಅಲ್ಲ. ನಮ್ಮಲ್ಲಿ ಗಂಡಸರು ಕಲ್ಲಿನ ಮುಂದೆ ಕೂರುವುದಿಲ್ಲ. ನಾನು ಜಗಲಿಯಲ್ಲಿ ಕಾಲು ಚಾಚಿ ಕೂತು ಬೀಸಿದೆ.

ಪಕ್ಕದ ಮನೆಯಾಕೆ ನೀರಿನ ಕೊಡ ಸೊಂಟದಲ್ಲಿಟ್ಟು ನಿಂತಳು. "ಏನು ಮಾಮೋ, ಅತ್ತೆ ಮನೆಗೆ ಬಂದ ಹೊಸ ಹೆಣ್ಣು ತರ ಕೂತೀಯೆ!"

"ಆಮಾ ತಾಯಿ, ಹೌದು, ಮೂರು ದಿನ ಆಯ್ತು ಬಂದು."

"ಹಾಡು ಎಲ್ಲಿ? ಹಾಡಿಲ್ದೆ ಹಿಟ್ಟು ನುಣ್ಣಗೆ ಬರಲ್ಲ."

"ಹಾಡು ನೀನು ಹಾಡು. ತಪ್ಪಿದರೆ ಅತ್ತೆ ನಿನಗೆ ಬೈತಾಳೆ, ನನಗೆ ಬಯ್ಯಲ್ಲ."

ಅವಳು ನಕ್ಕಳು. ನಾನೂ ಬಾಯಿ ಅಗಲಿಸಿದೆ. ನಗು ಬಂತೋ ಇಲ್ಲವೋ ನೆನಪಿಲ್ಲ.

ರಾಗಿಯನ್ನು ಬರಿದೇ ಬೀಸಿದರೆ ಒರಟು. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದರೆ ಸಿಹಿ ಬರುತ್ತದೆ, ಹೊಟ್ಟೆಗೂ ಹಗುರ. ಕಂಬು, ಅಂದರೆ ಸಜ್ಜೆ, ರುಚಿಯೇನೋ ಒಳ್ಳೆಯದು, ಆದರೆ ಅದರ ಹಿಟ್ಟು ಐದಾರು ದಿನಕ್ಕೇ ಕಹಿ ತಿರುಗುತ್ತದೆ. ಬೇಕಾದಷ್ಟು ಮಾತ್ರ ಬೀಸಬೇಕು. ಸಾಮೆ ಮೃದು, ಆದರೆ ಬೇಗ ಪುಡಿಯಾಗುತ್ತದೆ. ಇದನ್ನೆಲ್ಲ ನನ್ನ ಹೆಂಡತಿ ಯೋಚಿಸದೆ ಮಾಡುತ್ತಿದ್ದಳು. ನಾನು ಒಂದೊಂದನ್ನೂ ಕೆಡಿಸಿ ಕಲಿತೆ. ಕಲಿತು, ಬೀಸಿ, ಜರಡಿ ಹಿಡಿದು, ರಾಗಿಯನ್ನು ಮಡಕೆಗೆ ಸುರಿದೆ. ಅದೇ ಮಡಕೆಗೆ.

ಮೊದಲ ಬ್ರೆಡ್ಡು ಇಟ್ಟಿಗೆಯಾಯಿತು. ದಪ್ಪ ಬಾಣಲೆಯಲ್ಲಿ ಮರಳು ಹಾಕಿ, ಅದರ ಮೇಲೆ ಹೊಸ ತಗಡಿನ ಅಚ್ಚು ಇಟ್ಟು ಮುಚ್ಚಿ ಸುಟ್ಟಿದ್ದೆ, ಮಗ ಫೋನಿನಲ್ಲಿ ಹೇಳಿಕೊಟ್ಟ ಹಾಗೆ. ಕುಯ್ಯಲು ಹೋದರೆ ಚಾಕು ಜಾರಿತು. ಎರಡನೆಯದು ಹೊರಗೆ ಕರಕಲು, ಒಳಗೆ ಅಂಬಲಿ. ಮಗು ಒಂದು ಚೂರು ಬಾಯಿಗಿಟ್ಟು, ನನ್ನ ಮುಖ ನೋಡಿ, ಅಗಿದು ನುಂಗಿತು. "ಚೆನ್ನಾಗೈತೆ ತಾತಾ, ಆದ್ರೆ ಬ್ಯಾಡ." ಉಳಿದ ದಿನ ರಾಗಿ ಅಂಬಲಿ, ರಾಗಿ ರೊಟ್ಟಿ. ಎಲ್ಲ ಆ ಮಡಕೆಯದು.

ಮೂರು ತಿಂಗಳ ಮೇಲೆ ಡಾಕ್ಟರಮ್ಮ ಮತ್ತೆ ರಕ್ತ ನೋಡಿದರು. ಗೋಧಿಯ ಕೆಡುಕು ತೋರಿಸುವ ಅಂಕಿ ಏನೂ ಇಳಿದಿರಲಿಲ್ಲ. ತೂಕವೂ ಏರಿರಲಿಲ್ಲ. "ಎಲ್ಲಿಂದಲೋ ಗೋಧಿ ಹೋಗುತ್ತಾ ಇದೆ ಅಯ್ಯಾ. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ನೋಡಬೇಕಾಗುತ್ತೆ" ಅಂದರು. ಸೊಸೆ ಬಸ್ಸಿನಲ್ಲಿ ಊರು ಬರುವವರೆಗೂ ಮಗುವನ್ನು ಮಡಿಲಿಂದ ಇಳಿಸಲಿಲ್ಲ. ಮಾರನೇ ದಿನ ಸ್ಕೂಲಿಗೆ ಹೋಗಿ ಟೀಚರ ಹತ್ತಿರ ಕೂಗಾಡಿದಳು. ಆಮೇಲೆ ಪಕ್ಕದ ಮನೆಗೆ ಹೋಗಿ, ಮಗುವಿಗೆ ಮೈದಾ ಮುರುಕ್ಕು ಕೊಟ್ಟಿರಾ, ನಿಜ ಹೇಳಿ ಅಂದಳು. ಆ ಮನೆಯಾಕೆ ಅತ್ತಳು. ಒಂದು ವಾರ ಎರಡೂ ಮನೆಗೆ ಮಾತಿಲ್ಲ. ಸೊಸೆ ಸರಿಯಾಗಿ ಉಣ್ಣಲಿಲ್ಲ. ಮಗು ಚಾಪೆಯ ಮೇಲೆ ಮಂಡಿ ಮಡಚಿ ಮಲಗಿರುತ್ತಿತ್ತು. ನಾನು ಬೀಸುತ್ತಿದ್ದೆ. ಕಲ್ಲು ತಿರುಗುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ. ಹೆದರಿಕೆ ಕೂಡ ಆಗುತ್ತಿರಲಿಲ್ಲ.

ಮಗ ಹತ್ತು ದಿನ ರಜೆ ಹಾಕಿ ಬಂದ. ಈ ಸಲ ತಾನೇ ಮಾಡಿ ತೋರಿಸುತ್ತೇನೆ ಅಂದ. ಗೋಧಿಯ ಹಿಟ್ಟಿಗೆ ಜಿಗಿ ಇರುತ್ತದೆ, ಅದು ಗಾಳಿ ಹಿಡಿದುಕೊಂಡು ಉಬ್ಬುತ್ತದೆ. ರಾಗಿಗೆ ಆ ಜಿಗಿ ಇಲ್ಲ, ಬೇರೆ ಕಡೆಯಿಂದ ತಂದು ಕೊಡಬೇಕು ಅಂತ ವಿವರಿಸಿದ. ಹೇಳುತ್ತಾ ಮಡಕೆಯ ಮುಂದೆ ಕೂತು ಕೈ ಇಳಿಬಿಟ್ಟ. ಸೌಟು ತೆಗೆದುಕೊಳ್ಳಲಿಲ್ಲ, ಬ್ರೆಡ್ಡಿನವನಿಗೆ ಕೈಯೇ ಸೌಟು. ಹಿಟ್ಟು ಕಡಿಮೆ ಇತ್ತು. ಕೈ ಅಡಿಯವರೆಗೂ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಮೇಲೆ ತಂದು ಹೆಬ್ಬೆರಳಲ್ಲಿ ಉಜ್ಜಿದ. ಒಂದು ಚಿಟಿಕೆಗೆ ನೀರಿನ ಹನಿ ಹಾಕಿ ಎರಡು ಬೆರಳ ನಡುವೆ ಎಳೆದ. ಅದು ನೂಲಿನ ಹಾಗೆ ಎಳೆಯಿತು.

"ಅಪ್ಪಾ, ಇದು ರಾಗಿ ಅಲ್ಲ."

ನಾನು ಅವನ ಬೆರಳು ನೋಡಿದೆ.

"ಇದು ಗೋಧಿ ಅಪ್ಪಾ. ಹೇಗೆ ಬಂತು ಇಲ್ಲಿ?"

"ಅದು ನಿನ್ನ ಅವ್ವನ ಹಿಡಿ."

"ಅಂದ್ರೆ?"

"ಅಡಿಯಲ್ಲಿ ಉಳಿಸೋದು. ಅವಳು ಉಳಿಸಿದ್ದು. ನಾನು ಅದನ್ನ ತೆಗೆದು ಕೊಟ್ಟಿಲ್ಲಪ್ಪಾ. ಮೇಲಿಂದ ಮಾತ್ರ ತೆಗೆದಿದೀನಿ."

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅವಳ ಕೊಳ್ಳೇಗಾಲದ ಮಾತು ತಾನಾಗಿ ಬಾಯಿಗೆ ಬಂತು. "ಇಷ್ಟು ದಿನ ಇದೇನಾ ಮಾವ? ನಾನು ಊರೋರ ಮೇಲೆಲ್ಲಾ ಹಾರಾಡಿದ್ನಲ್ಲ, ಇಲ್ಲೇ ಇತ್ತಾ?"

"ಬಿಡು" ಅಂದ ಮಗ.

"ಏನ್ ಬಿಡೋದು? ಮಗು ಸಾಯ್ತಾ ಐತೆ!"

ಅವಳು ಹಾಗೆ ಅಂದದ್ದಕ್ಕೆ ನನಗೆ ಇವತ್ತಿಗೂ ಕೋಪವಿಲ್ಲ. ಆವತ್ತೂ ಬರಲಿಲ್ಲ. ಏನೂ ಬರಲಿಲ್ಲ. "ಸರಿ" ಅಂದೆ. ಎದ್ದು ಮೇಲಿನ ರಾಗಿಯನ್ನೆಲ್ಲ ದನಕ್ಕೆ ಮುಸುರೆ ಹಾಕುವ ಬಾನಿಗೆ ತೆಗೆದೆ. ಮಡಕೆಯನ್ನು ತಬ್ಬಿ ಹಿಡಿದು ತೋಟಕ್ಕೆ ನಡೆದೆ. ಮಗ ಹಿಂದೆ ಬಂದ, ಎರಡು ಸಲ ಕೈ ಚಾಚಿದ, ನಾನು ಕೊಡಲಿಲ್ಲ.

ಇರುವೆಗೆ ಹಿಟ್ಟು ಹಾಕುವುದು ನಮ್ಮಲ್ಲಿ ಇದೆ. ದ್ರಾಕ್ಷಿ ಚಪ್ಪರದ ಕೆಳಗೆ, ಬುಡದಿಂದ ದೂರದಲ್ಲಿ, ಗೂಡು ನೋಡಿ ಕೂತೆ. ಮಡಕೆ ಬಗ್ಗಿಸಿದರೆ ಹಿಟ್ಟು ಬೀಳಲಿಲ್ಲ. ಎಷ್ಟು ವರ್ಷದ್ದೋ, ಅಡಿಗೆ ಅಂಟಿ ಕೂತಿತ್ತು. ಉಗುರಿನಲ್ಲಿ ಕೆರೆದು ತೆಗೆದೆ. ಹಳೇ ಹಿಟ್ಟಿನ ಮುಗ್ಗು ವಾಸನೆ. ಅವಳ ವಾಸನೆ ಬರುತ್ತದೆ ಅಂತ ನಾನು ಎರಡು ವರ್ಷ ಅಂದುಕೊಂಡಿದ್ದೆ. ಬರಲಿಲ್ಲ. ಇರುವೆಗಳು ಬಂದವು. ಒಂದೊಂದು ಚೂರು ಹೊತ್ತು ಸಾಲಾಗಿ ಹೊರಟವು. ಅದನ್ನು ನೋಡುತ್ತಾ ಇಬ್ಬರೂ ಕೂತಿದ್ದೆವು.

"ಅವ್ವ ಇದ್ದಿದ್ರೆ ಅವಳೇ ಮೊದಲು ಎತ್ತಿ ಬಿಸಾಕೋಳು" ಅಂದ ಮಗ.

"ಆಮಾ" ಅಂದೆ. "ನನಗೂ ನಾಲ್ಕು ಬೈಯೋಳು."

ಮಡಕೆಯನ್ನು ಮನೆಗೆ ತರಲಿಲ್ಲ. ಮಣ್ಣು ಹಿಟ್ಟನ್ನು ಹೀರಿಕೊಂಡಿರುತ್ತದೆ, ಎಷ್ಟು ತೊಳೆದರೂ ನಂಬುವ ಹಾಗಿಲ್ಲ ಅಂದಳು ಸೊಸೆ. ತೋಟದ ತೊಟ್ಟಿಯ ಪಕ್ಕ ಹಕ್ಕಿಗೆ ನೀರಿಡಲು ಇಟ್ಟೆ. ಆ ಸಂಜೆ ಸೊಸೆ ಪಕ್ಕದ ಮನೆಗೆ ಹೋಗಿ ಬಹಳ ಹೊತ್ತು ಕೂತು ಬಂದಳು. ಬರುವಾಗ ಅವಳ ಕೈಯಲ್ಲಿ ಒಂದು ಹೊಸ ಸ್ಟೀಲ್ ಡಬ್ಬ ಇತ್ತು, ಆ ಮನೆಯಾಕೆ ಕೊಟ್ಟದ್ದು. ನನಗೆ ಊಟ ಬಡಿಸಿದಳು. ಎರಡನೇ ಸಲ ಅನ್ನ ಹಾಕುವಾಗ "ಸಾಕಾ ಮಾಮಾ?" ಅಂದಳು.

ಆಮೇಲಿನ ಎಂಟು ದಿನ ಮಗ ನನ್ನನ್ನು ಬ್ರೆಡ್ಡಿನ ಶಾಲೆಗೆ ಸೇರಿಸಿದ. ಕೇಳಿದವರಿಗೆಲ್ಲ ನಾನು ಹೇಳುವುದು ಇದು. ಮೊಳಕೆ ರಾಗಿಯ ಹಿಟ್ಟು ಎರಡು ಪಾಲು, ಅಕ್ಕಿಹಿಟ್ಟು ಒಂದು ಪಾಲು, ಅಂದೇ ಬೀಸಿದ ಕಂಬು ಅರ್ಧ ಪಾಲು. ಜಿಗಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಇಸಬ್ಗೋಲಿನ ಹೊಟ್ಟನ್ನು ನೀರಿನಲ್ಲಿ ನೆನೆಸಿ ಹಾಕಬೇಕು, ಅದು ಲೋಳೆಯಾಗಿ ಹಿಟ್ಟನ್ನು ಹಿಡಿಯುತ್ತದೆ. ಗಾಳಿಗೆ ಏನು ಮಾಡುವುದು ಅಂತ ಮಗ ತಲೆ ಕೆರೆದುಕೊಳ್ಳುತ್ತಿದ್ದಾಗ ನಾನೇ ಅಂದೆ: "ಇಡ್ಲಿಗೆ ಏನು ಹಾಕ್ತೀವಿ? ಉದ್ದು ತಾನೇ ಉಬ್ಬಿಸೋದು?" ಅವನು ನನ್ನನ್ನೇ ನೋಡಿದ. "ನೀನು ಎಷ್ಟನೇ ಕ್ಲಾಸು ಓದಿದ್ದು ಅಪ್ಪಾ?" ಅಂದ. ಉದ್ದನ್ನು ನೊರೆ ಬರುವಂತೆ ರುಬ್ಬಿ ಸೇರಿಸಿದೆವು. ಸಕ್ಕರೆ ಬದಲು ಕರುಪಟ್ಟಿ, ನಮ್ಮ ತಾಳೆ ಬೆಲ್ಲ. ಬೆಣ್ಣೆ ಬದಲು ಎಳ್ಳೆಣ್ಣೆ. ಚಿಟಿಕೆ ಈಸ್ಟು. ಕಲಸಿದ್ದು ಗೋಧಿಯ ಹಾಗೆ ಉಂಡೆಯಾಗುವುದಿಲ್ಲ, ಗಟ್ಟಿ ಇಡ್ಲಿ ಹಿಟ್ಟಿನ ಹಾಗೆ ಇರುತ್ತದೆ. ನಾದುವ ಕೆಲಸ ಇಲ್ಲ. ಮಗನಿಗೆ ಅದೊಂದೇ ಬೇಜಾರು, ಕೈಗೆ ಕೆಲಸ ಇಲ್ಲ ಅಂತ.

ಅಚ್ಚಿನಿಂದ ಬಿದ್ದ ಬ್ರೆಡ್ಡು ಕಪ್ಪು. ಹೋಟೆಲಿನದರ ಅರ್ಧ ಎತ್ತರ. ಮೇಲೆ ಒಣಗಿದ ಗದ್ದೆಯ ಹಾಗೆ ಬಿರುಕು. ಮಗ ಅದನ್ನು ಬಟ್ಟೆಯಲ್ಲಿ ಸುತ್ತಿ, ಹೊರಗೆ ಹೋಗಿ, ಬಸ್ಸಿಳಿದು ಬಂದವನ ಹಾಗೆ ಬಾಗಿಲು ತಟ್ಟಿದ. ಮಗು ಚಾಪೆಯಿಂದ ಎದ್ದು ಬಂತು. ಬಟ್ಟೆ ಬಿಚ್ಚಿ ಮೂಸಿತು.

"ಇದು ಯಾಕೆ ಕಪ್ಪು ಐತೆ?"

"ಬಿಸಿಲಲ್ಲಿ ಬಂತು" ಅಂದ ಅವನು.

ಅವಳು ಸಿಪ್ಪೆಯನ್ನು ಕಿತ್ತಳು. ತಿಂದಳು. ಮೂರೂ ಜನ ಅವಳ ದವಡೆ ನೋಡುತ್ತಾ ನಿಂತಿದ್ದೆವು. "ಯಾರೂ ನೋಡಬ್ಯಾಡಿ" ಅಂದಳು. ನಾವು ಗೋಡೆ ಕಡೆ ತಿರುಗಿದೆವು.

ಒಳ್ಳೆಯದಾಗುವುದು ಒಂದೇ ದಿನಕ್ಕೆ ಆಗಲಿಲ್ಲ. ಮೊದಲು ಭೇದಿ ನಿಂತಿತು. ಆಮೇಲೆ ಹೊಟ್ಟೆ ಇಳಿಯಿತು. ಮಧ್ಯಾಹ್ನ ಚಾಪೆ ಹುಡುಕುವುದು ಬಿಟ್ಟಳು. ಸೊಸೆ ಮನೆಯಲ್ಲಿ ನಗುವುದಕ್ಕೆ ಶುರು ಮಾಡಿದಳು. ನಾನು ವಾರಕ್ಕೆ ಮೂರು ಸಲ ಬೀಸಿ, ರುಬ್ಬಿ, ಸುಟ್ಟೆ. ತಿನ್ನುತ್ತಿದ್ದಳು, ಆದರೆ ಕೊಟ್ಟರೆ ಮಾತ್ರ. ಕೇಳುತ್ತಿರಲಿಲ್ಲ. ನನಗೂ ಎಲ್ಲ ಕಣ್ಣಿಗೆ ಕಾಣುತ್ತಿತ್ತು, ಒಳಗೆ ಮುಟ್ಟುತ್ತಿರಲಿಲ್ಲ.

ಆರನೇ ತಿಂಗಳು ತೇನಿಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ರಕ್ತದ ಚೀಟಿ ನೋಡಿದರು, ಮಗುವನ್ನು ತೂಕಕ್ಕೆ ನಿಲ್ಲಿಸಿದರು, ಇಳಿಸಿ ಮತ್ತೊಮ್ಮೆ ನಿಲ್ಲಿಸಿದರು. "ಒಳ್ಳೇದಾಗ್ತಾ ಇದೆ ಅಯ್ಯಾ. ಏನು ಕೊಡ್ತಾ ಇದೀರ ಹೇಳಿ, ಇನ್ನೊಂದು ಮನೆಯವರು ಕೇಳ್ತಾ ಇದಾರೆ." ನಾನು ಹೇಳಿದೆ, ಅವರು ಬರೆದುಕೊಂಡರು. ಪಾತ್ರೆಯನ್ನೂ ಹೊಸದು ಮಾಡಬೇಕು ಅಂತ ಬರೆಯಿರಿ ಅಮ್ಮಾ ಅಂದೆ. ಅದನ್ನೂ ಬರೆದರು.

ಬಸ್ ಸ್ಟ್ಯಾಂಡಿನಲ್ಲಿ ಹನ್ನೆರಡು ಗಂಟೆಯ ಬಿಸಿಲು. ಒಂದು ಕಡೆ ಪರೋಟದ ಕಲ್ಲು, ಇನ್ನೊಂದು ಕಡೆ ಗಾಜಿನ ಪೆಟ್ಟಿಗೆಯಲ್ಲಿ ಬನ್ನು, ಪಫ್ಸು. ಮೊಮ್ಮಗಳು ನನ್ನ ಪಂಚೆ ಎಳೆದಳು.

"ತಾತಾ, ಎನಗೆ ಹಸಿತಾ ಐತೆ."

"ಏನಂದೆ?"

"ಹಸಿತಾ ಐತೆ ಅಂದೆ. ಕಿವಿ ಕೇಳ್ಸಲ್ವಾ?"

ಒಂದೂವರೆ ವರ್ಷವಾಗಿತ್ತು ಅವಳ ಬಾಯಲ್ಲಿ ಆ ಮಾತು ಕೇಳಿ. ನನ್ನ ಕೈ ಚೀಲದೊಳಗೆ ಹೋಯಿತು. ಚೀಲದಲ್ಲಿ ನೀರಿನ ಬಾಟಲಿ, ಆಸ್ಪತ್ರೆಯ ಚೀಟಿ. ತಂದಿದ್ದ ಎರಡು ತುಂಡು ಬ್ರೆಡ್ಡನ್ನು ಬರುವಾಗಲೇ ಬಸ್ಸಿನಲ್ಲಿ ತಿನ್ನಿಸಿದ್ದೆ. ಸುತ್ತ ನೋಡಿದರೆ ಎಲ್ಲ ಗೋಧಿ, ಎಲ್ಲ ಮೈದಾ. ತಳ್ಳುಗಾಡಿಯ ಹತ್ತಿರ ಓಡಿದೆ, ನಾನು ಓಡಿ ಎಷ್ಟು ವರ್ಷವಾಗಿತ್ತೋ. ಬೆಟ್ಟದ ಬಾಳೆಹಣ್ಣು ಒಂದು ಚಿಪ್ಪು ತಂದು ಕಟ್ಟೆಯ ಮೇಲೆ ಕೂತು ಸುಲಿಯಲು ಶುರು ಮಾಡಿದೆ. ಒಂದು ತಿಂದಳು. ಕೈ ಚಾಚಿದಳು. ಇನ್ನೊಂದು ತಿಂದಳು. ನಮ್ಮ ಬಸ್ಸು ಬಂತು. ಕಂಡಕ್ಟರು "ಹಿರಿಯರೇ, ಹತ್ತುತ್ತೀರಾ ಇಲ್ಲವಾ?" ಅಂತ ತಮಿಳಿನಲ್ಲಿ ಕೂಗಿದ. ಕೈ ಬೀಸಿ ಕಳಿಸಿದೆ. ಅವಳ ಗಲ್ಲದಿಂದ ನನ್ನ ಕೈ ಮೇಲೆ ಹಣ್ಣು ಉದುರುತ್ತಿತ್ತು, ಒದ್ದೆಯಾಗಿ, ಬೆಚ್ಚಗೆ. ಅದು ನನಗೆ ತಿಳಿಯುತ್ತಿತ್ತು. ಎರಡನೇ ಬಸ್ಸೂ ಹೋಯಿತು.

ಮೂರನೆಯದಕ್ಕೆ ಹತ್ತಿದೆವು. ಪಕ್ಕದಲ್ಲಿ ಕೂತವನು ಯಾರೋ ರಸಗೊಬ್ಬರದ ಚೀಲ ಕಾಲಡಿ ಇಟ್ಟುಕೊಂಡಿದ್ದ. ಅವನು ಏನೂ ಕೇಳಿರಲಿಲ್ಲ.

"ನನ್ನ ಮೊಮ್ಮಗಳು ನಾಲ್ಕು ಬಾಳೆಹಣ್ಣು ತಿಂದಳು" ಅಂದೆ.

ಅವನು ಅವಳನ್ನು ನೋಡಿ, ನನ್ನನ್ನು ನೋಡಿದ. "ಏಲಕ್ಕಿ ಬಾಳೆಯಾ? ಅದು ಚಿಕ್ಕದು."

"ಇಲ್ಲಪ್ಪಾ. ಬೆಟ್ಟದ ಬಾಳೆ. ಒಳ್ಳೆ ದಪ್ಪ ಹಣ್ಣು."

"ಐದು ತಾತಾ" ಅಂದಳು ಅವಳು, ಕಿಟಕಿಯಿಂದ ಮುಖ ತಿರುಗಿಸದೆ.